ಮೊದಲು ಸೀಟು, ಆಮೇಲೆ ಗಾಲಿ

"ಮೊದ್ಲ ಎಲ್ಲಾರಿಗೂ ಒಂದೊಂದು ಕುರ್ಚಿ ಸಿಗ್ಲಿ, ಸೀಟಿನ ಮಾತು ಆಮ್ಯಾಲ ನೋಡೂಣು." ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗಾಲಿಕುರ್ಚಿಯ ಪ್ರಸ್ತಾಪ ಬಂದಾಗಲೆಲ್ಲ ಕೇಳಿಬರುವ ಮಾತಿದು. ಅಧಿಕಾರಿಗಳು ಹೇಳುತ್ತಾರೆ, ದಾನಿಗಳು ಹೇಳುತ್ತಾರೆ, ಕೆಲವೊಮ್ಮೆ ಮನೆಯವರೂ ಹೇಳುತ್ತಾರೆ. ಇದು ಕೆಟ್ಟ ಮನಸ್ಸಿನ ಮಾತಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಆಗ ಎಣಿಕೆಗೆ ಬಾರದ ಎಷ್ಟೋ ಬಗೆಯ ನ್ಯೂನತೆಗಳು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿಕೊಂಡಿವೆ. ಇವರಲ್ಲಿ ಎಷ್ಟೋ ಜನ ಕುರ್ಚಿಗಾಗಿ ಕಾಯುತ್ತಿರುವಾಗ ಸೀಟು ಏರಬೇಕು, ಇಳಿಯಬೇಕು, ವಾಲಬೇಕು ಎನ್ನುವುದು ಉಳ್ಳವರ ಬಯಕೆಯಂತೆ ಕೇಳಿಸುವುದು ಸಹಜ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಮೈಗೆ ಹೊಂದದ ಕುರ್ಚಿಯಿಂದ ಅರ್ಧವಾದರೂ ಉಪಕಾರವಾಗುತ್ತದೆ ಎಂಬ ಲೆಕ್ಕ ಅದರೊಳಗಿದೆ. ಆ ಲೆಕ್ಕವೇ ತಪ್ಪು.

ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಬಹಳ ಸಲ ಸೊಂಟದಿಂದ ಕೆಳಗೆ ಮುಟ್ಟಿದ್ದು ತಿಳಿಯುವುದಿಲ್ಲ. ಉಳಿದವರು ಕೂತಲ್ಲೇ ಆಗಾಗ ಮಿಸುಕುತ್ತೇವೆ, ಒಂದು ಮಗ್ಗುಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತೇವೆ. ಹಾಗೆ ಮಾಡಿದ್ದು ನಮ್ಮ ಗಮನಕ್ಕೂ ಬರುವುದಿಲ್ಲ. ಪೆಟ್ಟು ಬಿದ್ದವರ ಮೈ ಮಿಸುಕಬೇಕೆಂಬ ಸೂಚನೆ ಕೊಡುವುದಿಲ್ಲ. ಪೃಷ್ಠದ ಎರಡು ಮೂಳೆಗಳ ಕೆಳಗೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಒಳಗಿನಿಂದ ಸಾಯತೊಡಗುತ್ತದೆ. ಹೊರಗೆ ಕಾಣುವುದು ಒಂದು ಕೆಂಪು ಕಲೆ. ಅದು ಒಡೆದು ಹುಣ್ಣಾಗಿ ಮೂಳೆಗೆ ಇಳಿದರೆ, ನಂಜು ರಕ್ತಕ್ಕೆ ಸೇರಿ ಜೀವವನ್ನೇ ತೆಗೆಯಬಲ್ಲದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು, ಇಲ್ಲವೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಭಾರ ಇಳಿಸಬೇಕು ಎಂದು ಥೆರಪಿಸ್ಟರು ಹೇಳಿಕೊಡುವುದು ಇದಕ್ಕೇ. ಕೈಯಲ್ಲೂ ಬಲವಿಲ್ಲದವರು ಏನು ಮಾಡಬೇಕು? ಅವರ ಬದಲು ಸೀಟೇ ವಾಲಬೇಕು.

ಸಾಮಾನ್ಯವಾಗಿ ಸಿಗುವ, ದೊಡ್ಡವರ ಮಡಚುವ ಕುರ್ಚಿಯ ಸೀಟು ಸುಮಾರು 18 ಇಂಚು ಅಗಲ. ಕಾಲು ಸೊರಗಿದ ಸಣ್ಣ ಮೈಕಟ್ಟಿನ ಹೆಣ್ಣುಮಗಳು ಅದರಲ್ಲಿ ಕೂತರೆ ಎರಡೂ ಕಡೆ ಜಾಗ ಉಳಿಯುತ್ತದೆ, ಮೈ ಒಂದು ಬದಿಗೆ ಜಾರುತ್ತದೆ, ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಬೆನ್ನು ಅದೇ ವಾಲಿಕೆಗೆ ಒಗ್ಗಿ ಡೊಂಕಾಗುತ್ತದೆ. ಗಾಲಿ ತಿರುಗಿಸಲು ತೋಳುಗಳನ್ನು ರೆಕ್ಕೆಯಂತೆ ಅಗಲಿಸಬೇಕಾಗುವುದರಿಂದ ಭುಜ ಸವೆಯುತ್ತದೆ. ಸೀಟಿನ ಆಳ ಹೆಚ್ಚಾದರೆ ಅದರ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ಅದನ್ನು ತಪ್ಪಿಸಲು ಮನುಷ್ಯ ಮುಂದೆ ಸರಿದು ಬೆನ್ನು ಕುಗ್ಗಿಸಿ ಕೂರುತ್ತಾನೆ. ಪಾದ ಇಡುವ ಪಟ್ಟಿ ಮೇಲಿದ್ದರೆ ತೊಡೆ ಎದ್ದು ಭಾರವೆಲ್ಲ ಹಿಂದಿನ ಮೂಳೆಗೆ, ಕೆಳಗಿದ್ದರೆ ಮೈ ಜಾರಿ ಮುಂದಕ್ಕೆ. ನಮ್ಮ ಮನೆಗಳಲ್ಲಿ ರೆಕ್ಸಿನ್ ಸೀಟಿನ ಮೇಲೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಾರೆ. ಪ್ರೀತಿಯಿಂದಲೇ ಹಾಸುತ್ತಾರೆ. ಆದರೆ ಕೌದಿ ಎರಡು ಇಂಚು ಎತ್ತರವಾದರೆ ಪಾದದ ಪಟ್ಟಿಯನ್ನೂ ಎರಡು ಇಂಚು ಏರಿಸಬೇಕು. ಏರಿಸದಿದ್ದರೆ ಕಾಲು ಜೋತು ಬಿದ್ದು ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ಪಟ್ಟಿಯ ಬೋಲ್ಟು ತುಕ್ಕು ಹಿಡಿದು ಕೂತಿದ್ದರೆ ಆ ಮನೆಯ ಕಾಳಜಿಯೇ ಹುಣ್ಣಿಗೆ ಕಾರಣವಾಗುತ್ತದೆ. ಸೀಟಿನ ಮಾತು ಆಮೇಲೆ ಎನ್ನುವವರು ಈ ಎರಡು ಇಂಚಿನ ಬಗ್ಗೆ ಯೋಚಿಸಬೇಕು.

ಸೀಟು ಜೋತು ಬೀಳುವ ಬಟ್ಟೆಯದೇ ಏಕಾಯಿತು? ಅದಕ್ಕೊಂದು ಹಿನ್ನೆಲೆಯಿದೆ. 1930ರ ದಶಕದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನಿಂಗ್ಸ್ ಎಂಬಿಬ್ಬರು ಅಡ್ಡಡ್ಡ ಕತ್ತರಿಯಂತೆ ಮಡಚುವ ಕೊಳವೆಯ ಕುರ್ಚಿ ಮಾಡಿದರು. ಎವರೆಸ್ಟ್ ಗಣಿ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡವರು, ಜೆನಿಂಗ್ಸ್ ಅವರ ಎಂಜಿನಿಯರ್ ಗೆಳೆಯ. ಕುರ್ಚಿ ಮಡಚಿ ಕಾರಿನೊಳಗೆ ಹೋಗಬೇಕು ಎಂಬುದು ಅವರ ಅಗತ್ಯವಾಗಿತ್ತು. ಪಕ್ಕಕ್ಕೆ ಮಡಚಬೇಕಾದರೆ ಸೀಟು ಗಟ್ಟಿ ಹಲಗೆಯಾಗಿರಲು ಬರುವುದಿಲ್ಲ, ಬಟ್ಟೆಯೇ ಆಗಬೇಕು. ಬಟ್ಟೆ ದಿನಕಳೆದಂತೆ ನಡುವೆ ಇಳಿಯುತ್ತದೆ, ತೊಡೆಗಳು ಒಳಕ್ಕೆ ಉರುಳುತ್ತವೆ. ಕಾರಿಗಾಗಿ ಹುಟ್ಟಿದ ಆ ವಿನ್ಯಾಸ ಆಸ್ಪತ್ರೆಗಳ ಮೂಲಕ ಜಗತ್ತಿನ ಮಾದರಿಯಾಯಿತು, ನಮಗೂ ಬಂತು. ನಮ್ಮಲ್ಲೂ ಮಡಚುವ ಗುಣ ಬೇಕು, ಟಂಟಂ ಹತ್ತಿಸಬೇಕು, ವಾಯವ್ಯ ಸಾರಿಗೆ ಬಸ್ಸಿಗೂ ಏರಿಸಬೇಕು. ಆದರೆ ಮಡಚುವಾಗ ಎತ್ತಿಡುವ ಒಂದು ಹಲಗೆ, ಅದರ ಮೇಲೆ ಎರಡು ಪದರದ ಫೋಮು (ಕೆಳಗೆ ಗಟ್ಟಿ, ಮೇಲೆ ಮೆತ್ತಗೆ), ಬೇಸಿಗೆಯ ಬೆವರು ಹೀರುವ ಹತ್ತಿ ಬಟ್ಟೆಯ ಹೊದಿಕೆ ಹಾಕಿದರೆ ದೋಷ ಬಹುಪಾಲು ತೀರುತ್ತದೆ. ರಬಕವಿ-ಬನಹಟ್ಟಿಯಂಥ ಊರಿನಲ್ಲಿ ಹತ್ತಿ ಬಟ್ಟೆಗೆ ಬರವೆ?

ಇಳಕಲ್ ಸೀರೆಯ ಅಳತೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ; ಗುಳೇದಗುಡ್ಡದ ಖಣದ ಕುಪ್ಪಸ ಮಾತ್ರ ಅವರವರ ಮೈಯಳತೆಗೆ ಹೊಲಿಯಬೇಕು. ಗಾಲಿಕುರ್ಚಿಯಲ್ಲಿ ಗಾಲಿ, ಚೌಕಟ್ಟು, ಬ್ರೇಕು ಸೀರೆಯ ಹಾಗೆ, ಒಂದೇ ನಮೂನೆಯಲ್ಲಿ ಸಾವಿರಾರು ಮಾಡಬಹುದು. ಸೀಟು ಕುಪ್ಪಸ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ, ಬಡ ದೇಶಗಳನ್ನೇ ಮನಸ್ಸಿನಲ್ಲಿಟ್ಟು, ಕೈಯಿಂದ ನಡೆಸುವ ಗಾಲಿಕುರ್ಚಿಗಳ ವಿತರಣೆಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಂಟು ಹಂತಗಳಿವೆ. ಅಳತೆ ನೋಡುವುದು, ಕೂರಿಸಿ ಹೊಂದಿಸುವುದು, ಬಳಸುವವರಿಗೆ ತರಬೇತಿ ಕೊಡುವುದು, ಆಮೇಲೆ ಮತ್ತೆ ಬಂದು ನೋಡುವುದು ಇವೆಲ್ಲ ಕುರ್ಚಿ ಕೊಡುವ ಕೆಲಸದ ಭಾಗವೇ ಎಂದು ಅದು ಹೇಳುತ್ತದೆ. ಹಣವಿಲ್ಲದ ಕಡೆ ಇಷ್ಟಾದರೂ ಇರಲೇಬೇಕು ಎಂಬ ಕನಿಷ್ಠದ ಮಾತು ಅದು. ನಾವು ಅದನ್ನು ಶ್ರೀಮಂತಿಕೆ ಎಂದು ಬಗೆದಿದ್ದೇವೆ.

ಇನ್ನು ನಮ್ಮ ನೆಲದ ಮಾತು. ಗಾಲಿಕುರ್ಚಿಯ ಸೀಟು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರ. ಮೇಜು, ಮಂಚ, ಕಮೋಡು ಇರುವ ಮನೆಗೆ ಅದು ಸರಿಯಾದ ಎತ್ತರ, ಅಲ್ಲಿ ಎಲ್ಲವೂ ಆ ಎತ್ತರಕ್ಕೆ ಹೊಂದಿಕೊಂಡಿರುತ್ತದೆ. ಕೃಷ್ಣೆ-ಘಟಪ್ರಭೆಯ ನಡುವಿನ ನಮ್ಮ ಬದುಕು ಹತ್ತು ಎತ್ತರಗಳಲ್ಲಿ ನಡೆಯುತ್ತದೆ. ಊಟ ನೆಲದ ಮೇಲೆ. ರೊಟ್ಟಿ ಬಡಿಯುವುದು ಎಷ್ಟೋ ಮನೆಗಳಲ್ಲಿ ಇನ್ನೂ ಒಲೆಯ ಮುಂದೆ ಕೂತು. ಹರಟೆ ಮನೆಯ ಮುಂದಿನ ಕಟ್ಟಿಯ ಮೇಲೆ. ಬನಹಟ್ಟಿ, ರಬಕವಿಯ ನೇಕಾರಿಕೆಯನ್ನೇ ನೋಡಿ. ಕುಣಿಮಗ್ಗದಲ್ಲಿ ನೇಕಾರ ಕೂರುವುದು ನೆಲಮಟ್ಟದಲ್ಲಿ, ಕಾಲು ಕುಣಿಯೊಳಗೆ. ಕಂಡಿಕೆ ಸುತ್ತುವ ಹೆಂಗಸರೂ ನೆಲದ ಮೇಲೆಯೇ. ಪಕ್ಕದ ಓಣಿಯ ವಿದ್ಯುತ್ ಮಗ್ಗವಾದರೆ ನಿಂತು ನೋಡಿಕೊಳ್ಳುವ ಯಂತ್ರ. ಎಳೆ ಕಡಿದರೆ ಮೇಲಿಂದ ಬಾಗಿ ಗಂಟು ಹಾಕಬೇಕು. 50 ಸೆಂ.ಮೀ.ನಲ್ಲಿ ಬಿಗಿದು ನಿಂತ ಸೀಟಿನಲ್ಲಿ ಕೂತವರಿಗೆ ಕುಣಿಮಗ್ಗ ತೀರ ಕೆಳಗೆ, ವಿದ್ಯುತ್ ಮಗ್ಗ ತೀರ ಮೇಲೆ. ಹುಟ್ಟಿದಾಗಿನಿಂದ ಕಲಿತ ಕಸುಬು ಕಣ್ಣೆದುರಿಗೇ ಇದ್ದು ಕೈಗೆ ನಿಲುಕುವುದಿಲ್ಲ. ಆಗ ಮನೆಯವರು ಅವರಿಗೆ ಕೆಲಸ ಮಾಡಲಾಗುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ಮಾಡಲಾಗದಂತೆ ಮಾಡಿದ್ದು ಬೆನ್ನುಹುರಿಯೊಂದೇ ಅಲ್ಲ, ಸೀಟಿನ ಎತ್ತರದ ಪಾಲೂ ಅದರಲ್ಲಿದೆ.

ಇದೇ ದೇಶದಲ್ಲಿ ಕೃತಕ ಕಾಲಿನ ವಿಷಯದಲ್ಲಿ ನಾವು, ಇದು ನಮ್ಮ ಬದುಕಿಗೆ ಹೊಂದುತ್ತದೆಯೇ ಎಂಬ ಸರಿಯಾದ ಪ್ರಶ್ನೆ ಕೇಳಿದ್ದೇವೆ. 1968ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು ಹೆಸರಾದದ್ದು ಅಗ್ಗ ಎಂಬ ಒಂದೇ ಕಾರಣಕ್ಕಲ್ಲ. ಅದನ್ನು ತೊಟ್ಟವರು ಚಕ್ಕಳಮಕ್ಕಳ ಹಾಕಿ ಕೂರಬಲ್ಲರು, ಕುಕ್ಕರಗಾಲಲ್ಲಿ ಕೂರಬಲ್ಲರು, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಬಲ್ಲರು. ಪರದೇಶದ ಕಾಲು ಬೂಟಿಗಾಗಿ ಮಾಡಿದ್ದೆಂದು ಆ ಇಬ್ಬರು ಗುರುತಿಸಿದರು. ಗಾಲಿಕುರ್ಚಿಗೆ ಆ ಪ್ರಶ್ನೆಯನ್ನು ನಾವು ಇನ್ನೂ ಗಟ್ಟಿಯಾಗಿ ಕೇಳಿಲ್ಲ.

ಕೇಳಿದವರು ಇಲ್ಲವೆಂದಲ್ಲ. ಆದರೆ ಕೇಳಿದವರಲ್ಲಿ ಬಹಳ ಮಂದಿ ಬೇರೆ ದಾರಿ ಹಿಡಿದಿದ್ದಾರೆ, ಅದು ನಾನು ವಿರೋಧಿಸುವ ಎರಡನೆಯ ನಂಬಿಕೆ. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಗಾಲಿಕುರ್ಚಿ ನೆಚ್ಚಿನ ವಿಷಯ. ಕುರ್ಚಿಯೇ ಹಾಸಿಗೆಯಾಗುತ್ತದೆ, ಮಾತು ಕೇಳಿ ಚಲಿಸುತ್ತದೆ, ಗುಂಡಿ ಒತ್ತಿದರೆ ಸೀಟು ಏರುತ್ತದೆ. ಹುಡುಗರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಹೊಂದಿಕೆ ಎಂದರೆ ಎಲ್ಲವೂ ಕದಲಬೇಕು, ಮೋಟಾರಿನಿಂದ ಕದಲಬೇಕು ಎಂಬ ತಿಳಿವಳಿಕೆ ಸರಿಯಲ್ಲ. ಕದಲುವ ಪ್ರತಿ ಕೀಲೂ ಸಡಿಲವಾಗುವ ಕೀಲು. ಎರಿ ಮಣ್ಣಿನ ಹುಡಿ ಕೊಳವೆಯೊಳಗಿನ ಕೊಳವೆಗೆ ಹೊಕ್ಕರೆ ಅದು ಕಚ್ಚಿಕೊಳ್ಳುತ್ತದೆ. ನೇಕಾರರ ಮನೆಯಲ್ಲಿ ನೂಲಿನ ಎಳೆ ಮುಂದಿನ ಸಣ್ಣ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಬೇರಿಂಗನ್ನೇ ಬಿಗಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆದು ಸಾಗುವ ಟ್ರ್ಯಾಕ್ಟರುಗಳು ಗುಂಡಿ ಬೀಳಿಸಿದ ರಸ್ತೆಯಲ್ಲಿ ಇಪ್ಪತ್ತು ಬೋಲ್ಟಿನ ಕುರ್ಚಿ ಒಂದು ಹಂಗಾಮು ಕಳೆಯುವಷ್ಟರಲ್ಲಿ ಕಿರುಗುಟ್ಟುತ್ತದೆ. ಮೋಟಾರು ಸುಟ್ಟರೆ ಮಾಡಿದವರು ಪದವಿ ಪಡೆದು ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾರೆ.

ಹಾಗಾದರೆ ಯಾವುದು ಕದಲಬೇಕು, ಯಾವುದು ಕದಲಬಾರದು? ಹೊಂದಿಕೆಯಲ್ಲಿ ಎರಡು ಜಾತಿಗಳಿವೆ; ಅವುಗಳನ್ನು ಬೆರೆಸಿದ್ದೇ ನಮ್ಮ ಗೊಂದಲದ ಬೇರು ಎಂದು ನನ್ನ ಅಭಿಪ್ರಾಯ. ಸೀಟಿನ ಅಗಲ, ಆಳ, ಪಾದದ ಪಟ್ಟಿಯ ಎತ್ತರ, ಹಿಂದಿನ ದೊಡ್ಡ ಗಾಲಿಯ ಅಚ್ಚು ಎಷ್ಟು ಮುಂದೆ ಅಥವಾ ಹಿಂದೆ ಇರಬೇಕೆಂಬುದು ಮೈಯಳತೆಯ ಸಂಗತಿಗಳು. ಇವನ್ನು ಪಾನಾ ಹಿಡಿದು ಒಮ್ಮೆ ಸರಿಯಾಗಿ ಹೊಂದಿಸಬೇಕು, ಆಮೇಲೆ ಅವು ಅಲುಗಬಾರದು. ಮಗು ಬೆಳೆದಾಗ, ಮೈ ಸೊರಗಿದಾಗ, ಹೊಸ ದಿಂಬು ಬಂದಾಗ ಮತ್ತೆ ಪಾನಾ ಹಿಡಿಯಬೇಕು. ಅಚ್ಚು ಮುಂದಿದ್ದಷ್ಟೂ ತಳ್ಳುವುದು ಹಗುರ, ಆದರೆ ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುವ ಭಯ. ಅಂಥದ್ದನ್ನು ಕೈತಿರುವಿನಿಂದ ಬದಲಿಸುವಂತೆ ಮಾಡಿದರೆ ಆಡುವ ಮಕ್ಕಳ ಕೈಗೂ ಅದು ಸಿಗುತ್ತದೆ. ಸೀಟು ವಾಲುವುದು, ಏರಿಳಿಯುವುದು, ತೋಳಿನ ಪಟ್ಟಿ ಕಳಚುವುದು, ಪಾದದ ಪಟ್ಟಿ ಪಕ್ಕಕ್ಕೆ ಸರಿಯುವುದು ದಿನದ ಸಂಗತಿಗಳು. ಇವಕ್ಕೆ ಪಾನಾ ಬೇಕಾಗಲೇಬಾರದು. ಕೂತವರ ಕೈಗೇ, ಕೂತಲ್ಲೇ ಸಿಗಬೇಕು.

ತೋಳಿನ ಪಟ್ಟಿ ಚಿಕ್ಕ ವಿಷಯ ಅನ್ನಿಸಬಹುದು. ಅದು ಬೆಸುಗೆಯಾಗಿದ್ದರೆ ಕುರ್ಚಿಯಿಂದ ಹೊರಸಿಗೆ ಹೋಗಲು ಇಬ್ಬರು ಹೊತ್ತು ಎತ್ತಬೇಕು. ಕಳಚುವಂತಿದ್ದರೆ ನಡುವೆ ಒಂದು ನುಣುಪಾದ ಹಲಗೆ ಇಟ್ಟು ಮನುಷ್ಯ ತಾನೇ ಸರಿಯಬಲ್ಲ. ಒಂದು ಸ್ಪ್ರಿಂಗು ಗುಂಡಿಯ ಖರ್ಚಿನಲ್ಲಿ ವಯಸ್ಸಿಗೆ ಬಂದ ಮಗಳನ್ನು ಅಪ್ಪನೋ ಅಣ್ಣನೋ ಎತ್ತಿಕೊಳ್ಳಬೇಕಾದ ಸಂಕೋಚ ತಪ್ಪುತ್ತದೆ. ಈ ಸಂಕೋಚವನ್ನು ಯಾವ ಕೊಟೇಶನ್ನಿನಲ್ಲೂ ಬರೆಯುವುದಿಲ್ಲ, ಬರೆಯಬೇಕು.

ವಾಲುವ ಸೀಟಿನಲ್ಲೂ ಮೋಟಾರಿಗಿಂತ ಕೀಲಿನ ಜಾಗ ಮುಖ್ಯ. ಬೆನ್ನಿನ ಪಟ್ಟಿಯನ್ನಷ್ಟೇ ಹಿಂದಕ್ಕೆ ಮಲಗಿಸಿದರೆ ಮೈ ಕೆಳಕ್ಕೆ ಜಾರಿ ಚರ್ಮ ಉಜ್ಜಿ ಹರಿಯುತ್ತದೆ. ಸೀಟು ಮತ್ತು ಬೆನ್ನು ಒಂದೇ ಕೋನದಲ್ಲಿ ಕೂಡಿ ವಾಲಬೇಕು, ಅದೂ 30 ಡಿಗ್ರಿಯಾದರೂ ವಾಲಿದರೆ ಪೃಷ್ಠದ ಭಾರ ಬೆನ್ನಿಗೆ ಹಂಚಿಹೋಗುತ್ತದೆ. ಈಗ ಲೆಕ್ಕ ನೋಡಿ. ಕೂತವರ ತೂಕ 60 ಕಿಲೊ. ಸೀಟಿನ ಕೀಲನ್ನು ಮೊಣಕಾಲಿನ ಕಡೆ ಇಟ್ಟರೆ ಮೈಭಾರದ ನಡುಬಿಂದು ಕೀಲಿನಿಂದ 20 ಸೆಂ.ಮೀ. ದೂರ ಬೀಳುತ್ತದೆ ಎಂದುಕೊಳ್ಳೋಣ. ಕೀಲಿನಿಂದ 60 ಸೆಂ.ಮೀ. ದೂರದ ಹಿಡಿಯಲ್ಲಿ ಅದನ್ನು ಮರಳಿ ಎತ್ತಲು 20 ಕಿಲೊ ಎತ್ತಿದಷ್ಟು ಬಲ ಬೇಕು. ಮನೆಯಲ್ಲಿರುವ ಅರವತ್ತು ದಾಟಿದ ಅವ್ವನಿಗೆ ಅದು ದಿನಕ್ಕೆ ಇಪ್ಪತ್ತು ಸಲ ಆಗುವ ಕೆಲಸವಲ್ಲ. ಹಿಡಿಯ ದೂರ ಅಷ್ಟೇ ಇದ್ದು, ಕೀಲನ್ನು ಸರಿಸಿ ನಡುಬಿಂದುವಿನ ದೂರವನ್ನು 5 ಸೆಂ.ಮೀ.ಗೆ ತಂದರೆ ಬೇಕಾಗುವ ಬಲ 5 ಕಿಲೊ. ಬ್ಯಾಟರಿ ಇಲ್ಲ, ಚಾರ್ಜರು ಇಲ್ಲ, ಕರೆಂಟು ಹೋದರೆ ಚಿಂತೆಯಿಲ್ಲ. ಕೀಲು ಹದಿನೈದು ಸೆಂಟಿಮೀಟರ್ ಸರಿದಿದೆ, ಅಷ್ಟೇ. ಆದರೆ ಆ ಜಾಗ ಅವರವರ ಮೈಯಳತೆಯಂತೆ ಬೇರೆ. ಆದ್ದರಿಂದ ಅದನ್ನು ಪಾನಾದಿಂದ ಒಮ್ಮೆ ಹೊಂದಿಸಿಕೊಡಬೇಕು. ದಿನವೂ ಕೈಗೆ ಹಗುರವಾಗಬೇಕಾದರೆ ಮೊದಲ ದಿನ ಪಾನಾದ ಕೆಲಸ ನೆಟ್ಟಗಾಗಿರಬೇಕು.

ಏರಿಳಿಯುವ ಸೀಟಿನಲ್ಲಿ ಇನ್ನೂ ಎಚ್ಚರ ಬೇಕು. ಸೀಟು ಏರಿದಾಗ ಭಾರದ ನಡುಬಿಂದುವೂ ಏರುತ್ತದೆ, ಇಳಿಜಾರಿನಲ್ಲಿ ಕುರ್ಚಿ ಉರುಳುವ ಅಪಾಯ ಹೆಚ್ಚುತ್ತದೆ, ಕೈ ಗಾಲಿಯ ಬಳೆಗೆ ನಿಲುಕುವುದಿಲ್ಲ. ಆದ್ದರಿಂದ ಎರಡೂ ಬ್ರೇಕು ಬಿದ್ದ ಮೇಲೆಯೇ ಸೀಟು ಏರಬೇಕು, ಸೀಟು ಇಳಿದ ಮೇಲೆಯೇ ಬ್ರೇಕು ಬಿಡಬೇಕು. 5 ಮಿ.ಮೀ. ಮರೆಯ ಸ್ಕ್ರೂ ಜಾಕಿನಿಂದ 20 ಸೆಂ.ಮೀ. ಏರಿಸಲು 40 ಸುತ್ತು ತಿರುಗಿಸಬೇಕು. ನಿಧಾನ, ಆದರೆ ನಡುವೆ ಕೈಬಿಟ್ಟರೂ ಸೀಟು ಕುಸಿಯುವುದಿಲ್ಲ. ಗಾಳಿ ತುಂಬಿದ ಸ್ಪ್ರಿಂಗು ಬೇಗ ಏರಿಸುತ್ತದೆ, ಆದರೆ ತೂಕಕ್ಕೆ ಸರಿಯಾಗಿ ಆರಿಸದಿದ್ದರೆ ಏಳುವುದೇ ಇಲ್ಲ, ಇಲ್ಲವೆ ಇಳಿಯುವುದೇ ಇಲ್ಲ. ಹಳ್ಳಿಗೆ ನಾನು ಸ್ಕ್ರೂವನ್ನೇ ಆರಿಸುತ್ತೇನೆ. ನೆಲದವರೆಗೆ ಇಳಿಯುವ ಸೀಟನ್ನು ಮಾತ್ರ ನಾನು ಕೇಳುವುದಿಲ್ಲ, ಅದರಿಂದ ಕುರ್ಚಿ ಹೊರಲಾರದಷ್ಟು ಭಾರವಾಗುತ್ತದೆ. ಸೀಟು 30 ಸೆಂ.ಮೀ.ಗೆ ಇಳಿದರೆ, ಪಕ್ಕದಲ್ಲಿ 15 ಸೆಂ.ಮೀ. ಎತ್ತರದ ಮಣೆಯಿದ್ದರೆ, ತೋಳಿನಲ್ಲಿ ಬಲವಿರುವವರು ಎರಡು ಹೆಜ್ಜೆಯಲ್ಲಿ ಕುಣಿಮಗ್ಗದ ಅಂಚಿಗೆ ಸೇರಬಹುದು. ಕುರ್ಚಿಯ ಕೆಲಸವನ್ನೆಲ್ಲ ಕುರ್ಚಿಯೇ ಮಾಡಬೇಕಿಲ್ಲ, ಮನೆಯೂ ಒಂದು ಪಾಲು ಹೊರಲಿ.

ಮೋಟಾರಿಲ್ಲದೆ ಇಂಥದ್ದು ಸಾಧ್ಯವೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಮದ್ರಾಸ್ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ತಂಡ ರೂಪಿಸಿದ 'ಅರೈಸ್' ಕುರ್ಚಿ 2019ರಲ್ಲಿ ಬಿಡುಗಡೆಯಾಯಿತು. ಕೂತವರು ತಮ್ಮ ಕೈಯಿಂದಲೇ ಅದನ್ನು ನಿಲ್ಲುವ ಕುರ್ಚಿಯಾಗಿ ಬದಲಿಸಿಕೊಳ್ಳಬಹುದು. ಅದೇ ಬಳಗದಿಂದ ಬಂದ 'ನಿಯೋಫ್ಲೈ' ಬಳಸುವವರ ಅಳತೆಗೆ ತಕ್ಕಂತೆ ಸಿದ್ಧವಾಗುತ್ತದೆ. ಇವು ಒಳ್ಳೆಯ ಕೆಲಸಗಳು. ಆದರೆ ಅಲ್ಲಿಂದ ಕುರ್ಚಿ ತಂದು ಇಲ್ಲಿ ಹಂಚಿಬಿಟ್ಟರೆ ಮುಗಿಯಿತು ಎಂದುಕೊಂಡರೆ ಹಳೆಯ ತಪ್ಪೇ ಹೊಸ ಬೆಲೆಯಲ್ಲಿ ಮರುಕಳಿಸುತ್ತದೆ. ಅಮೆರಿಕದ ರಾಲ್ಫ್ ಹಾಚ್‌ಕಿಸ್, ತಾವೇ 1966ರಿಂದ ಗಾಲಿಕುರ್ಚಿ ಬಳಸುವವರು, ಬಡ ದೇಶಗಳ ಸಣ್ಣ ಕಾರ್ಖಾನೆಗಳಲ್ಲೇ ಮಾಡಿ ರಿಪೇರಿ ಮಾಡಬಲ್ಲ ಕುರ್ಚಿಗಳಿಗೆ ತಮ್ಮ ಆಯುಷ್ಯ ಕೊಟ್ಟರು. ಜಮಖಂಡಿ, ಮುಧೋಳದ ವೆಲ್ಡಿಂಗ್ ಅಂಗಡಿಗಳು ಕಬ್ಬಿನ ಟ್ರೇಲರುಗಳನ್ನು ರಿಪೇರಿ ಮಾಡುತ್ತವೆ, ಬನಹಟ್ಟಿಯ ಮೆಕ್ಯಾನಿಕ್‌ಗಳು ಮಗ್ಗದ ಬಿಡಿಭಾಗಗಳನ್ನು ಕಡೆದು ಕೂರಿಸುತ್ತಾರೆ. ಈ ಕೈಗಳಿಗೆ ಒಂದು ಕೀಲು, ಒಂದು ಸ್ಕ್ರೂ ಕಷ್ಟವಲ್ಲ. ಎಲ್ಲಿ ರಂಧ್ರ ಕೊರೆಯಬೇಕು, ಏಕೆ ಅಲ್ಲೇ ಕೊರೆಯಬೇಕು ಎಂದು ಹೇಳಿಕೊಡುವವರು ಬೇಕು.

ಅಳತೆ ತೆಗೆಯುವವರು ಯಾರು ಎಂಬ ಆಕ್ಷೇಪ ನಿಜವಾದದ್ದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಎಷ್ಟೋ ಜನ ತಾವೇ ವಿಕಲಚೇತನರು. ಕಡಿಮೆ ಗೌರವಧನಕ್ಕೆ ಅರ್ಜಿ, ಪಿಂಚಣಿ, ಗುರುತಿನ ಚೀಟಿಗಾಗಿ ಓಡಾಡುತ್ತಾರೆ. ಅವರ ಕೈಗೆ ಒಂದು ಅಳತೆ ಟೇಪು, ಎರಡು ಪಾನಾ, ಕೆಲವು ದಿನಗಳ ನಿಜವಾದ ತರಬೇತಿ ಕೊಡಬೇಕು. ಕಲಿಸುವವರು ರಾಜ್ಯದಲ್ಲೇ ಇದ್ದಾರೆ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಬೆಂಗಳೂರಿನ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಇದೆ. ಇದಕ್ಕೆ ಹಣವೆಲ್ಲಿ ಎನ್ನುವವರು ಮೂಳೆಗಿಳಿದ ಒಂದು ಹುಣ್ಣಿಗೆ ಮಿರಜಕ್ಕೋ ಬೆಳಗಾವಿಗೋ ಹೋಗಿ ತಿಂಗಳುಗಟ್ಟಲೆ ಮಲಗಿದ ಮನೆಯವರನ್ನು ಕೇಳಲಿ. ಎಮ್ಮೆ ಮಾರಿದ ಲೆಕ್ಕ, ಸಾಲದ ಲೆಕ್ಕ, ಜೊತೆಗೆ ಕೂತವರ ಕೂಲಿ ಹೋದ ಲೆಕ್ಕ ಅಲ್ಲಿ ಸಿಗುತ್ತದೆ. ಸರ್ಕಾರದ ಪುಸ್ತಕದಲ್ಲಿ ಅದು ಕಾಣದಿರುವುದರಿಂದಲೇ ಹೊಂದದ ಕುರ್ಚಿ ಅಗ್ಗವಾಗಿ ತೋರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಈ ತಾಲ್ಲೂಕುಗಳ ಹಳ್ಳಿಗಳು ನೀರಲ್ಲಿ ನಿಂತಾಗ ಜನ ಶಾಲೆಗಳಲ್ಲಿ ತೆರೆದ ಪರಿಹಾರ ಕೇಂದ್ರಗಳಿಗೆ ಬಂದರು. ಅಂಥ ಕಡೆ ಮಂಚವಿರುವುದಿಲ್ಲ, ಇರುವುದು ಗಟ್ಟಿ ನೆಲ. ಲಕ್ವ ಹೊಡೆದವರಿಗೆ, ಬೆನ್ನುಹುರಿ ಪೆಟ್ಟಿನವರಿಗೆ ಅಂಥ ರಾತ್ರಿಗಳಲ್ಲಿ ಕುರ್ಚಿಯೇ ಹಾಸಿಗೆಯೂ ಆಗಿಬಿಡುತ್ತದೆ. ವಾಲದ ಸೀಟಿನಲ್ಲಿ ಒಂದು ರಾತ್ರಿ ಕಳೆದರೂ ಸಾಕು, ಹುಣ್ಣು ಶುರುವಾಗಬಹುದು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟ ಬೀಳಗಿಯ ಕಡೆಯವರಿಗೆ, ಮಳೆಗಾಲಕ್ಕೊಮ್ಮೆ ನದಿಯ ಸುದ್ದಿ ಕೇಳುವ ಜಮಖಂಡಿಯವರಿಗೆ ಇದು ಎಂದೋ ಒಮ್ಮೆ ಬರುವ ಸಂಕಟವಲ್ಲ. ಪರಿಹಾರ ಕೇಂದ್ರದ ಸಾಮಗ್ರಿ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಚಾಪೆಯ ಜೊತೆ ಒಂದೆರಡು ವಾಲುವ ಕುರ್ಚಿ, ನಾಲ್ಕು ಫೋಮಿನ ದಿಂಬು ಸೇರಲಿ.

ಟೆಂಡರಿನ ಕಾಗದದಲ್ಲೂ ಬದಲಾವಣೆ ಆಗಬೇಕು. 'ಗಾಲಿಕುರ್ಚಿ, ದೊಡ್ಡವರದು, ಇಷ್ಟು ನಗ' ಎಂದು ಬರೆಯುವ ಬದಲು ಕನಿಷ್ಠ ನಾಲ್ಕು ಸೀಟಿನ ಅಗಲ, ಹಲಗೆ ಮತ್ತು ದಿಂಬು, ಕಳಚುವ ತೋಳಿನ ಪಟ್ಟಿ, ಐವರಲ್ಲಿ ಒಬ್ಬರಿಗಾದರೂ ವಾಲುವ ಸೀಟು ಎಂದು ಬರೆಯಬೇಕು. ವಿತರಣಾ ಶಿಬಿರದ ದಿನ ಕುರ್ಚಿ ಹಸ್ತಾಂತರಿಸುವಾಗ ಅಳತೆಯ ಚೀಟಿಯನ್ನೂ ಕೊಡಬೇಕು. ಆರು ತಿಂಗಳ ನಂತರ ಕಾರ್ಯಕರ್ತರು ಮನೆಗೆ ಹೋಗಿ ಸೀಟು, ಸ್ಕ್ರೂ, ಬೋಲ್ಟು ನೋಡಬೇಕು. ಹೆಂಗಸರ ಮನೆಗೆ ಹೆಂಗಸರೇ ಹೋಗಿ ಚರ್ಮದ ಮೇಲೆ ಕೆಂಪು ಕಲೆ ಇದೆಯೇ ಎಂದು ವಿಚಾರಿಸಬೇಕು. ಪೂರೈಸಿದವರ ಬಿಲ್ಲಿನ ಕೊನೆಯ ಕಂತು ಆ ಭೇಟಿಯ ನಂತರವೇ ಬಿಡುಗಡೆಯಾಗಬೇಕು, ಭೇಟಿಯ ಕಾಗದಕ್ಕೆ ರುಜು ಹಾಕುವವರು ಕುರ್ಚಿಯಲ್ಲಿ ಕೂತವರೇ ಆಗಿರಬೇಕು.